ಕೊನೆಯ ಮೆಟ್ಟಿಲ ಮೇಲೆ ಉಡಿ ತುಂಬಿದವಳಿಗೆ

ಅಕ್ಕಲಕೋಟ
18 ಮಾರ್ಚ್ 2025, ಮಂಗಳವಾರ

ಪ್ರೀತಿಯ ರತ್ನಾ,

ಕಳೆದ ಜನವರಿ ಇಪ್ಪತ್ತೈದರ ಶನಿವಾರ ಮಧ್ಯಾಹ್ನ, ಸೊಲ್ಲಾಪುರದಲ್ಲಿ ನಿಮ್ಮ ಮಹಿಳಾ ಮಂಡಳದ ಮಂಗಲ ಕಾರ್ಯಾಲಯದ ಸಭಾಗೃಹದಲ್ಲಿ, ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಸೇರಿದ್ದ ಐದುನೂರು ಹೆಂಗಸರ ಎದುರು, ನೀನು ಮೈಕಿನಲ್ಲಿ ನನ್ನ ಸೊಸೆ ಉಜ್ವಲಾಳ ಹೆಸರು ಕೂಗಿದೆ. ಅವಳು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದು ಗುಣವಾದವಳು ಎಂದು ಸಾರಿದೆ. ವೇದಿಕೆಗೆ ಕರೆದು, ಸೆರಗಿನಲ್ಲಿ ಅಕ್ಕಿ ಕಾಯಿ ಹಾಕಿ ಉಡಿ ತುಂಬಿದೆ. ಅದಕ್ಕೆ ಅವಳನ್ನು ಕೇಳಿರಲಿಲ್ಲ, ನನ್ನನ್ನು ಕೇಳಿರಲಿಲ್ಲ, ಚಿಕಿತ್ಸೆ ಕೊಟ್ಟವರನ್ನೂ ಕೇಳಿರಲಿಲ್ಲ.

ಕ್ಷೇಮ ಸಮಾಚಾರಕ್ಕೂ ಮೊದಲು ಇದನ್ನು ಬರೆದೆ. ಇಲ್ಲದಿದ್ದರೆ ನಾವಿಬ್ಬರೂ ಮಂಡಿನೋವು, ಮೊಮ್ಮಕ್ಕಳ ಪರೀಕ್ಷೆ ಎಂದು ನಾಲ್ಕು ಪುಟ ತುಂಬಿಸಿ, ಆಡಬೇಕಾದ ಮಾತನ್ನು ಐದನೆಯ ಪುಟಕ್ಕೆ ದೂಡುತ್ತೇವೆ. ಇಷ್ಟು ವರ್ಷ ಹಾಗೇ ಮಾಡಿಕೊಂಡು ಬಂದಿದ್ದೇವೆ.

ಈಗ ಕೇಳುತ್ತೇನೆ, ಹೇಗಿದ್ದೀಯಾ? ನಿನ್ನ ಯಜಮಾನರು ಬಸಣ್ಣನವರ ಕಣ್ಣಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತೆಂದು ತಿಳಿಯಿತು, ಸಮಾಧಾನವಾಯಿತು. ನೀನು ಮೂರು ಸಲ ಫೋನು ಮಾಡಿದೆ, ಒಂದು ಸಲ ಮಾತನ್ನು ರೆಕಾರ್ಡು ಮಾಡಿ ಕಳಿಸಿದೆ. ಏಳು ವಾರ ನಾನು ಉತ್ತರಿಸಲಿಲ್ಲ. ಅದು ತಪ್ಪೇ, ಕ್ಷಮಿಸು. ಸಿಟ್ಟಿದ್ದರೆ ಮರುದಿನವೇ ಬರೆಯುತ್ತಿದ್ದೆ, ಸಿಟ್ಟು ನನಗೆ ಬೇಗ ಇಳಿಯುತ್ತದೆ. ಇದು ಹೇಸಿಕೆ. ಹಾಲಿನಲ್ಲಿ ನೊಣ ಕಂಡ ಮೇಲೆ ಲೋಟ ಎತ್ತಲಾಗದ ಹಾಗೆ, ನಿನ್ನ ಹೆಸರು ಫೋನಿನ ಮೇಲೆ ಕಂಡರೆ ಕೈ ಹಿಂದೆ ಸರಿಯುತ್ತಿತ್ತು. ದುಧನಿಯ ಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಬೆಳೆದ ಗೆಳತಿಯ ಬಗ್ಗೆ ಹೀಗೆ ಬರೆಯಬೇಕಾಗಿ ಬಂದದ್ದಕ್ಕೂ ನನಗೆ ಹೇಸಿಕೆಯಾಗುತ್ತಿದೆ.

ನೀನು ಕಳಿಸಿದ ಧ್ವನಿಯನ್ನು ಎರಡು ಸಲ ಕೇಳಿದೆ. "ರೇವಾ, ಉಡಿ ತುಂಬೋದು ಅಪಮಾನ ಹ್ಯಾಂಗ ಆಗ್ತದವಾ? ನಾ ಏನ್ ಅಕೀಗಿ ಬೈದೆನೇನು? ಮನಸಿನ ರೋಗ ಅಂದ್ರ ನಾಚ್ಕೋಬಾರ್ದು ಅಂತ ನೀನ ಭಾಷಣ ಮಾಡ್ತಿದ್ದಿ. ನಾಚ್ಕಿ ಇಲ್ಲದ ಮ್ಯಾಲ ಮುಚ್ಚಿಡೋದು ಯಾಕ?" ಎಂದು ಕೇಳಿದ್ದೀ. ಕೇಳಲು ಚೆಂದದ ಮಾತು. ಇದಕ್ಕೆ ಉತ್ತರವನ್ನು ಮುಂದೆ ಬರೆಯುತ್ತೇನೆ. ಮೊದಲು ನೀನು ಮೈಕಿನಲ್ಲಿ ಎರಡು ವಾಕ್ಯದಲ್ಲಿ ಮುಗಿಸಿದ "ಉಜ್ವಲಾಳ ಕಥಿ" ನಿಜವಾಗಿ ಏನೆಂದು ಓದು. ಅಷ್ಟನ್ನು ಹೇಳಲು ಅವಳ ಅನುಮತಿ ಪಡೆದಿದ್ದೇನೆ.

ಶುರುವಾದದ್ದು 2023ರ ದೀಪಾವಳಿಯ ವಾರ. ನನ್ನ ಮಗ ಯೋಗಿರಾಜನ ಬಟ್ಟೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀರೆಯ ಗಂಟು ತರಲೆಂದು ಉಜ್ವಲಾ ಮಾಳಿಗೆಗೆ ಹೋದವಳು ಕೆಳಗೆ ಬರಲಿಲ್ಲ. ಅವನು ಹೋಗಿ ನೋಡಿದರೆ ಗಂಟುಗಳ ನಡುವೆ ಕೂತು ಬೆವರುತ್ತಿದ್ದಳು. ಬೆರಳುಗಳು ಸೆಟೆದಿದ್ದವು. "ಎದಿ ಒಡೀತದ, ಅನ್ವಿನ್ನ ನೋಡ್ಕೊಳ್ರಿ," ಎಂದಳಂತೆ. ಅನ್ವಿ ಅವಳ ಮಗಳು, ಆಗ ಆರು ವರ್ಷ. ಮೂವತ್ತೆರಡರ ಹೆಣ್ಣುಮಗಳು ಸತ್ತೇಹೋಗುತ್ತೇನೆಂದು ಮಗುವನ್ನು ಒಪ್ಪಿಸಿಕೊಟ್ಟಳು.

ಸೊಲ್ಲಾಪುರಕ್ಕೆ ಓಡಿದೆವು. ಎದೆಯ ಇಸಿಜಿ ಪಟ್ಟಿ ತೆಗೆದರು, ರಕ್ತ ತೆಗೆದರು. ಡಾಕ್ಟರರು ನಕ್ಕು, "ಹಾರ್ಟ ಏಕದಮ್ ಛಾನ್ ಅದರಿ. ಗ್ಯಾಸ್ ಆಗೇದ," ಎಂದರು. ತಿಂಗಳಲ್ಲಿ ನಾಲ್ಕು ಸಲ ಹಾಗಾಯಿತು. ಎರಡನೆಯ ಡಾಕ್ಟರರು ಥೈರಾಯ್ಡ್ ನೋಡಿ ಚೆನ್ನಾಗಿದೆ ಎಂದರು. ಮೂರನೆಯವರು ಮನೋರೋಗತಜ್ಞರು. ಅವರ ಮೊಗಸಾಲೆಯಲ್ಲಿ ನಲವತ್ತು ಜನ, ಕಂಪೌಂಡರ್ ಕದ ತೆರೆದು ಹೆಸರಿನ ಜೊತೆ ಊರನ್ನೂ ಸೇರಿಸಿ ಕೂಗುತ್ತಿದ್ದ. ಉಜ್ವಲಾ ಮುಖದ ಮೇಲೆ ಸೆರಗು ಎಳೆದುಕೊಂಡು ಮೂರು ತಾಸು ಕೂತಳು. ಒಳಗೆ ನಾಲ್ಕು ನಿಮಿಷ. ಡಾಕ್ಟರರು ತಲೆ ಎತ್ತದೆ ಗುಳಿಗೆ ಬರೆದರು. ಆ ಗುಳಿಗೆಯನ್ನು ನಾನು ಹಳಿಯುವುದಿಲ್ಲ, ಅದರಿಂದ ಅವಳಿಗೆ ನಿದ್ದೆ ಬಂತು. ಆದರೆ ಎದ್ದ ಮೇಲೆ ಹೆದರಿಕೆ ಹಾಸಿಗೆಯ ಪಕ್ಕದಲ್ಲೇ ಕಾಯುತ್ತಿತ್ತು.

ನಡುವೆ ಯಾರೋ ಹೇಳಿದರೆಂದು ಯೋಗಿರಾಜ ಅವಳನ್ನು ಒಬ್ಬ 'ಜೀವನ ಪ್ರಶಿಕ್ಷಕ'ನ ಬಳಿ ಒಯ್ದ. ಟೈ ಕಟ್ಟಿಕೊಂಡವನು. ಕನ್ನಡಿಯ ಮುಂದೆ ನಿಂತು "ನಾನು ಹುಲಿ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಬೇಕಂತೆ. ಮನೆಗೆ ಬಂದು ಉಜ್ವಲಾ, "ಅತ್ತಿ, ಹುಲಿಗೆ ಬಸ್ಸಿನ್ಯಾಗ ಕೂಡಾಕ ಹೆದರಿಕಿ ಬಂದ್ರ ಏನ್ ಮಾಡ್ಬೇಕಂತ ಕೇಳಿದೆ. ಅಂವಾ ಸಿಟ್ಟಿಗೆದ್ದ," ಎಂದಳು. ಆ ನಾಲ್ಕು ತಿಂಗಳಲ್ಲಿ ಅವಳು ಒಮ್ಮೆ ನಗಿಸಿದ್ದು ಅದೇ.

ನನ್ನದನ್ನೂ ಬರೆಯುತ್ತೇನೆ. ಮೂವತ್ತೊಂದು ವರ್ಷ ಜಿಲ್ಲಾ ಪರಿಷತ್ತಿನ ಕನ್ನಡ ಸಾಲೆಯಲ್ಲಿ ಕಲಿಸಿದವಳು, ಮನೆಯಲ್ಲಿ ಎರಡು ಕಪಾಟು ಪುಸ್ತಕ ಇಟ್ಟವಳು, ಮೊದಲ ತಿಂಗಳು ನಾನು ಅವಳಿಗೆ ಹೇಳಿದ್ದು, "ಕೆಲಸದಾಗ ಮನಸ್ ಹಾಕು, ಎಲ್ಲಾ ಹೋಗ್ತದ" ಎಂದು. ಅವಳು ಮನಸ್ಸು ಹಾಕಿಯೇ ಕೆಲಸ ಮಾಡುತ್ತಿದ್ದಳು. ರೊಟ್ಟಿ ಬಡಿಯುತ್ತ ನಡುವೆ ಎದ್ದು ಹೋಗಿ ಬಾಗಿಲ ಗಾಳಿಗೆ ನಿಲ್ಲುವುದು ನನಗೆ ಕಾಣುತ್ತಿತ್ತು.

ಆಗ ದಾರಿ ತೋರಿಸಿದವಳು ನೀನು. ಆ ಉಪಕಾರವನ್ನು ನಾನು ಮರೆತಿಲ್ಲ, ಈ ಪತ್ರದಲ್ಲಿ ಅದನ್ನು ಮುಚ್ಚಿಡುವುದೂ ಇಲ್ಲ. "ನಮ್ಮ ಕಾರ್ಯಾಲಯದ ಹಿಂದಿನ ಖೋಲಿಯಾಗ ಗುರುವಾರಕ್ಕೊಮ್ಮಿ ಸಾರಿಕಾ ಅಂತ ಒಬ್ಬಾಕಿ ಸಮುಪದೇಶಕಿ, ಮನಸಿನ ತ್ರಾಸಿಗಿ ಸಲಹಾ ಕೊಡಾಕಿ, ಕೂಡತಾಳ. ವಳಸಂಗದ ಹುಡುಗಿ, ಕನ್ನಡ ಮಾತಾಡ್ತಾಳ, ಪುಣೆದಾಗ ಕಲ್ತಾಳ," ಎಂದು ಹೇಳಿದವಳು ನೀನೇ. 2024ರ ಎಪ್ರಿಲ್‌ನಲ್ಲಿ ಮೊದಲ ಸಲ ಹೋದೆವು. ಬಾಡಿಗೆ ಕಾರು, ಕಿಟಕಿಗಳೆಲ್ಲ ತೆರೆದು, ದಾರಿಯಲ್ಲಿ ಮೂರು ಕಡೆ ಇಳಿದು.

ಕಾರ್ಯಾಲಯದ ಬಾಗಿಲಲ್ಲಿ ನಿಮ್ಮ ಗುಮಾಸ್ತ ಸೋಮು ರಜಿಸ್ಟರು ಮುಂದಿಟ್ಟ. ಹೆಸರು, ಊರು, ಬಂದ ಕೆಲಸ. ಮೇಲಿನ ಸಾಲುಗಳಲ್ಲಿ "ಹಾಲ್ ಬುಕಿಂಗ್", "ದೊಡ್ಡ ಪಾತೇಲಿ ನಾಲ್ಕು, ಝಾರಾ ಎರಡು" ಎಂದು ಮದುವೆ ಅಡುಗೆಯ ಪಾತ್ರೆಗಳ ಬಾಡಿಗೆ ಬರೆದಿತ್ತು. ಅದರ ಕೆಳಗೆ ನಮ್ಮದು. ಉಜ್ವಲಾ ಹಿಂಜರಿದಳು. "ಬರೀರಿ ಬಾಯಿ, ನಿಯಮ ಅದ. ಯಾರ್ ನೋಡ್ತಾರ?" ಎಂದ ಸೋಮು.

ಸಾರಿಕಾ ಮೊದಲ ದಿನ ಒಂದೂ ಉಪದೇಶ ಮಾಡಲಿಲ್ಲ. ನನ್ನನ್ನು ಹೊರಗೆ ಕೂಡಲು ಹೇಳಿದಳು. ಒಳಗೆ ನಡೆದದ್ದರಲ್ಲಿ ಉಜ್ವಲಾ ತಾನಾಗಿ ಹೇಳಿದಷ್ಟೇ ನನಗೆ ಗೊತ್ತು. "ಹೆದರಿಕಿ ಅಂದ್ರ ಮನಿ ಕಾಯೋ ನಾಯಿ ಇದ್ದಂಗ್ರಿ. ನಿಮ್ಮದು ಪೋಸ್ಟಮನ್ ಬಂದ್ರೂ ಕಳ್ಳ ಬಂದಂಗ ಬೊಗಳಾಕತ್ತದ. ಅದನ್ನ ಹೊಡದು ಓಡ್ಸಾಕ ಬರಂಗಿಲ್ಲ. ಪೋಸ್ಟಮನ್ ಗುರ್ತು ಮಾಡಿಕೊಡ್ಬೇಕು, ದಿನಾ ಥೋಡೆ ಥೋಡೆ," ಎಂದಳಂತೆ. ಹಿಂದಿನ ಡಾಕ್ಟರರಿಗೆ ಫೋನು ಮಾಡಿ, ಅವರ ಒಪ್ಪಿಗೆಯಿಂದಲೇ ಗುಳಿಗೆಯನ್ನು ಸಣ್ಣದು ಮಾಡಿಸಿದಳು. ಆಮೇಲೆ ಒಂದು ವಹಿಯಲ್ಲಿ ಉಜ್ವಲಾಳ ಕೈಯಿಂದಲೇ ಒಂದು ಏಣಿಯ ಚಿತ್ರ ಬರೆಯಿಸಿದಳು. ತೀರ ಕಡಿಮೆ ಹೆದರಿಕೆಯ ಕೆಲಸ ಕೆಳಗಿನ ಮೆಟ್ಟಿಲು, ಎಲ್ಲಕ್ಕಿಂತ ಹೆಚ್ಚಿನದು ಮೇಲಿನದು. ಒಂದೊಂದು ಮೆಟ್ಟಿಲ ಮೇಲೂ ಹೆದರಿಕೆ ತಾನಾಗಿ ಇಳಿಯುವವರೆಗೆ ನಿಲ್ಲಬೇಕು, ಓಡಬಾರದು. ಇಳಿದ ಮೇಲೆ ಮುಂದಿನದು.

ಮೊದಲ ಮೆಟ್ಟಿಲು, ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ನಿಂತ ಎಸ್‌ಟಿ ಬಸ್ಸು ಹತ್ತಿ ಕೂತು, ಅದು ಹೊರಡುವ ಮುಂಚೆ ಇಳಿಯುವುದು. ನಗಬೇಡ. ಅದಕ್ಕೆ ಹನ್ನೊಂದು ದಿನ ಬೇಕಾಯಿತು. ಎರಡನೆಯದು ವಳಸಂಗದವರೆಗೆ ಹೋಗಿ ಬರುವುದು. ದಿನಾ ಬೆಳಿಗ್ಗೆ ನಾವಿಬ್ಬರೂ ವಳಸಂಗಕ್ಕೆ ಹೋಗಿ, ಕೂಡುರಸ್ತೆಯ ಫಾಟಾದಲ್ಲಿ ಚಹಾ ಕುಡಿದು, ಮುಂದಿನ ಬಸ್ಸಿಗೆ ಹಿಂದಿರುಗುತ್ತಿದ್ದೆವು. ಒಬ್ಬ ಕಂಡಕ್ಟರ್ ನಮ್ಮನ್ನು ಗುರುತು ಹಿಡಿದು, ಉಜ್ವಲಾಳನ್ನು ಅತ್ತಿಗೆಯಂತೆ ಮಾತಾಡಿಸಿದ. "ವೈನಿ, ದಿನಾ ಇಲ್ಲಿ ಬಂದು ಚಹಾ ಕುಡ್ದು ಹೊಳ್ಳಿ ಹೊಂಟೀರಿ. ಅಕ್ಕಲಕೋಟದಾಗ ಚಹಾ ಸಿಗಂಗಿಲ್ಲೇನ್ರಿ?" ಎಂದು ಕೇಳಿದ. ಉಜ್ವಲಾ ಬಸ್ಸಿನ ಸರಳನ್ನು ಗಟ್ಟಿ ಹಿಡಿದುಕೊಂಡೇ, "ಸಿಗ್ತದರಿ. ಆದ್ರ ನಿಮ್ಮ ಬಸ್ಸಿನ ಧಕ್ಕೆ ತಿಂದು ಕುಡದ್ರ ಭಾಳ ಛೊಲೊ ಅನಸ್ತದ," ಎಂದಳು. ಆ ದಿನ ಅವಳ ವಹಿಯಲ್ಲಿ ಹೆದರಿಕೆಗೆ ಹತ್ತಕ್ಕೆ ಮೂರು ಅಂಕ. ಮೊದಲ ದಿನ ಒಂಬತ್ತಿತ್ತು.

ಜುಲೈ ಹೊತ್ತಿಗೆ ಅದರಾಚೆಯ ಕುಂಭಾರಿ. ಗಣಪತಿ ಹಬ್ಬದ ಮೊದಲು ಸೊಲ್ಲಾಪುರ, ನನ್ನ ಜೊತೆ. ದಸರೆಗೆ ಸೊಲ್ಲಾಪುರ, ಒಬ್ಬಳೇ. ದೀಪಾವಳಿಗೆ ಮತ್ತೆ ಅಂಗಡಿಯ ಮಾಳಿಗೆ ಹತ್ತಿದಳು. ಸೀರೆಯ ಗಂಟು ಹೊತ್ತು ಕೆಳಗೆ ಬಂದಾಗ ಹಣದ ಗಲ್ಲೆಯ ಮುಂದೆ ಗಿರಾಕಿಗಳಿದ್ದರು. ಯೋಗಿರಾಜ ಮೀಟರು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ. "ಅರಿವಿ ಅಳೀರಿ," ಎಂದಳು ಇವಳು. ಅಷ್ಟೇ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಏಣಿಯಲ್ಲಿ ಉಳಿದದ್ದು ಒಂದೇ ಮೆಟ್ಟಿಲು. ಜನ ತುಂಬಿದ ಸಭಾಗೃಹ. ಅದೇ ಅವಳ ದೊಡ್ಡ ಹೆದರಿಕೆ: ಎಲ್ಲರೂ ನೋಡುತ್ತಿರುವಾಗ ತನಗೆ ಹಾಗಾಗುತ್ತದೆ, ಕೈ ಸೆಟೆಯುತ್ತದೆ, ಜನ ನಗುತ್ತಾರೆ. ಸಾರಿಕಾ ಬಹಳ ಯೋಚಿಸಿ ನಿಮ್ಮ ಹಳದಿ-ಕುಂಕುಮವನ್ನು ಆರಿಸಿದಳು. ಪರಿಚಯದ ಜಾಗ, ಜೊತೆಗೆ ಅತ್ತೆ. ಕೊನೆಯ ಸಾಲಿನಲ್ಲಿ ಬಾಗಿಲ ಹತ್ತಿರ ಕೂಡುವುದು, ಅರ್ಧ ತಾಸು ಕೂತರೆ ಸಾಕು, ಬೇಕೆಂದಾಗ ಎದ್ದು ಹೊರಗೆ ಬರಬಹುದು. "ಅಲ್ಲಿ ನಿಮ್ಮನ್ನ ಯಾರೂ ನೋಡಂಗಿಲ್ರಿ. ಎಲ್ಲಾರೂ ತಮ್ಮ ತಮ್ಮ ಸೀರಿ ನೋಡ್ಕೋತಿರ್ತಾರ," ಎಂದಿದ್ದಳು.

ಈಗ ಗೊತ್ತಾಯಿತೇ ನೀನು ಯಾವ ಮೆಟ್ಟಿಲ ಮೇಲೆ ನಿಂತವಳನ್ನು ಕರೆದೆ ಎಂದು.

ಆ ಸಭಾಗೃಹವನ್ನು ನೆನೆದರೆ ಈಗಲೂ ಗುಲಾಬಿ ನೀರಿನ ವಾಸನೆ ಗಂಟಲಿಗೆ ಬರುತ್ತದೆ. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್, ಮರಾಠಿಯಲ್ಲಿ 'ಚಿಂತಾಮುಕ್ತ ಮಹಿಲಾ ಸನ್ಮಾನ' ಎಂದು. ಕೆಳಗೆ ಸಾಲಾಗಿ ದೇಣಿಗೆದಾರರ ಫೋಟೋಗಳು, ನಿನ್ನದು ಎಲ್ಲಕ್ಕಿಂತ ದೊಡ್ಡದು. ನನಗೆ ಆ ಫ್ಲೆಕ್ಸಿನ ಅರ್ಥ ಹೊಳೆಯಲಿಲ್ಲ. ಯೋಗಾಸನದ ಕಾರ್ಯಕ್ರಮವೋ ಏನೋ ಎಂದುಕೊಂಡೆ. ಇಪ್ಪತ್ತು ನಿಮಿಷ ಉಜ್ವಲಾ ಚೆನ್ನಾಗಿ ಕೂತಿದ್ದಳು. ಕೈಯ ಎಳ್ಳು-ಬೆಲ್ಲ ತಿಂದಳು. ನನ್ನ ಕಿವಿಯಲ್ಲಿ, "ಅತ್ತಿ, ಐದಕ್ಕ ಇಳದದ," ಎಂದಳು. ಅಂಕ ಹೇಳುತ್ತಿದ್ದಳು.

ಆಗ ನೀನು ಚೀಟಿ ತೆಗೆದೆ. "ನಮ್ಮ ಮಂಡಳದ ಸಮುಪದೇಶನ ಕೇಂದ್ರದಾಗ ಮನಸಿನ ಬ್ಯಾನಿಯಿಂದ ಮುಕ್ತರಾದ ನಾಕು ಭಗಿನಿಯರು," ಎಂದೆ. ಮೊದಲನೆಯವಳು ಬಂದಿರಲಿಲ್ಲ, ಪುಣ್ಯವಂತೆ. ಎರಡನೆಯವಳು ಸೆರಗು ಮುಖಕ್ಕೆ ಮುಚ್ಚಿಕೊಂಡು ಬಂದಳು. ಮೂರನೆಯ ಹೆಸರು, "ಅಕ್ಕಲಕೋಟದ ಉಜ್ವಲಾ ಯೋಗಿರಾಜ." ಐದುನೂರು ತಲೆಗಳು ಹಿಂದಕ್ಕೆ ತಿರುಗಿದವು. ಅವಳು ಆ ಸಾಲುಗಳ ನಡುವೆ ನಡೆದು ಹೋದಳು. ನೀನು ಉಡಿಯಲ್ಲಿ ಅಕ್ಕಿ ಹಾಕುವಾಗ ಅವಳ ಕೈ ನಡುಗಿ ಸೆರಗು ಜಾರಿತು. ಅಕ್ಕಿ ವೇದಿಕೆಯ ತುಂಬ ಚೆಲ್ಲಿತು, ಕಾಯಿ ಉರುಳಿತು. ಮೊದಲ ಸಾಲಿನಿಂದ ಒಬ್ಬಾಕೆ, "ಇನ್ನ ಥೋಡೆ ಬಾಕಿ ಉಳದದ ಅನಸ್ತದ," ಎಂದಳು. ನಗು ಅಲೆಯ ಹಾಗೆ ಹಿಂದಿನವರೆಗೆ ಬಂತು. ನೀನೂ ನಕ್ಕು ಮೈಕನ್ನು ಅವಳ ಬಾಯಿಗೆ ಹಿಡಿದು, "ಹೆದರಬ್ಯಾಡ, ನಿನ್ನ ಅನುಭವ ಹೇಳವಾ," ಎಂದೆ. ಮೈಕಿನಲ್ಲಿ ಕೇಳಿಸಿದ್ದು ಅವಳ ಉಸಿರು. ಬರೇ ಉಸಿರು. ಇಡೀ ಸಭಾಗೃಹಕ್ಕೆ.

ನಲವತ್ತು ಸೆಕೆಂಡಿನ ಆ ವಿಡಿಯೋ ಸಂಜೆಯ ಹೊತ್ತಿಗೆ ಅಕ್ಕಲಕೋಟ ಮುಟ್ಟಿತು. ಎದುರಿನ ಅಂಗಡಿಯ ಸ್ವಪ್ನಿಲ ಯೋಗಿರಾಜನಿಗೆ, "ಕಾಯ್ ಶೇಠ್, ವೈನಿಗೆ ಕರೆಂಟ್ ಗಿರೆಂಟ್ ಕೊಟ್ಟಿದ್ರೇನು?" ಎಂದು ಕೇಳಿದ. ಚಹಾ ಕುಡಿಯುತ್ತ, ಸ್ನೇಹದಿಂದಲೇ ಕೇಳಿದ. ಕುರನೂರದಿಂದ ಅವಳ ತಂದೆ ಬಂದರು. ಹತ್ತಿರ ಕೂತು, "ಮೊದಲೇ ನನಗ ಹೇಳೂದಿಲ್ಲೇನವಾ? ಹೊರಗಿನವ್ರ ಬಾಯಿಂದ ಕೇಳಬೇಕಾತು," ಎಂದರು. ಅವಳು ತಾನೇ ಹೇಳಬೇಕೆಂದು ಯುಗಾದಿಗೆ ದಿನ ಗೊತ್ತುಮಾಡಿ ಇಟ್ಟುಕೊಂಡಿದ್ದ ಮಾತು ಅದು.

ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಾಚಿಕೆ ಇಲ್ಲದ ಮೇಲೆ ಮುಚ್ಚಿಡುವುದು ಯಾಕೆ ಎಂದು ಕೇಳಿದೆಯಲ್ಲ. ತನ್ನ ಬಾಯಿಂದ, ತಾನು ಆರಿಸಿದ ದಿನ, ತಾನು ಆರಿಸಿದವರಿಗೆ ಹೇಳುವುದು ಧೈರ್ಯ. ಅದೇ ಮಾತನ್ನು ಇನ್ನೊಬ್ಬರು ಕಿತ್ತು ಹೇಳಿದರೆ ಅದು ಕಳವು. ಒಳಗಿನ ವಸ್ತು ಒಂದೇ ಆದರೂ ಬಾಗಿಲು ತೆರೆದುಕೊಡುವುದಕ್ಕೂ ಬಾಗಿಲು ಒಡೆಯುವುದಕ್ಕೂ ವ್ಯತ್ಯಾಸವಿದೆ. ಇದು ನಿನಗೆ ತಿಳಿಯದ ವಿಷಯವಲ್ಲ.

1970ರಲ್ಲಿ ನಾವು ಐದನೆಯ ಇಯತ್ತೆಯಲ್ಲಿದ್ದಾಗ, ತಪಾಸಣೆಗೆ ಬಂದ ನರ್ಸಬಾಯಿ ತಲೆಯಲ್ಲಿ ಹೇನಿದ್ದ ಹುಡುಗಿಯರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಎಲ್ಲರ ಮುಂದೆ ತಲೆಗೆ ಬಿಳಿ ಪುಡಿ ಹಾಕಿಸಿದರು. ಒಳ್ಳೆಯದಕ್ಕೇ ಹಾಕಿಸಿದರು. ಆ ಸಾಲಿನಲ್ಲಿ ನೀನಿದ್ದೆ. ಒಂದು ತಿಂಗಳು ನೀನು ಸಾಲೆಗೆ ಬರಲಿಲ್ಲ. ನಾನು ವಹಿ ತಂದುಕೊಟ್ಟರೆ ಕದದ ಹಿಂದಿನಿಂದ ಕೈಯಷ್ಟೇ ಚಾಚುತ್ತಿದ್ದೆ. ಹೇನು ಎರಡು ದಿನಕ್ಕೆ ಹೋಗಿದ್ದವು.

ಇನ್ನೊಂದನ್ನೂ ನೆನಪಿಸುತ್ತೇನೆ. 1998ರಲ್ಲಿ ನಿಮ್ಮ ಮಂಡಳ ಹೊಲಿಗೆ ಯಂತ್ರ ಕೊಟ್ಟ ವಿಧವೆಯರ ಫೋಟೋಗಳನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚುಹಾಕಿತು, ಒಬ್ಬೊಬ್ಬರ ಕೆಳಗೂ ಗಂಡ ಸತ್ತ ಕಾರಣ ಸಹಿತ. ಅವರಲ್ಲೊಬ್ಬಳಾದ ಗುರುಲಿಂಗಮ್ಮನ ಗಂಡ ವಿಷ ಕುಡಿದು ಸತ್ತದ್ದು ಅವಳ ಮಕ್ಕಳಿಗೆ ಗೊತ್ತಾದದ್ದು ಆ ಪುಟದಿಂದ. ಅವಳು ಯಂತ್ರವನ್ನು ಹೊತ್ತು ತಂದು ನಿಮ್ಮ ಬಾಗಿಲಲ್ಲಿ ಇಟ್ಟು ಹೋದಳು. ಆಗ ನಾನು ಸಭೆಯಲ್ಲಿ ಎದ್ದು ಕೇಳಿದೆ. ಮುಂದಿನ ವರ್ಷದಿಂದ ಹೀಗಾಗುವುದಿಲ್ಲ ಎಂದು ನೀನೇ ಉತ್ತರ ಕೊಟ್ಟೆ. ನಾನು ನಂಬಿದೆ.

ಈ ಸಲ ಸಮಾಧಾನ ಹೇಳಲು ಬಸಣ್ಣನವರು ಫೋನು ಮಾಡಿದ್ದರು. "ಅಕ್ಕಾರ, ಮನಸಿಗಿ ಹಚ್ಕೋಬ್ಯಾಡ್ರಿ. ಕೇಂದ್ರ ನಡಸ್ಬೇಕಂದ್ರ ದೇಣಿಗಿ ಕೊಡಾವ್ರಿಗಿ ನಾಕ್ ಮಂದಿನ್ನ ತೋರ್ಸಬೇಕಾಗ್ತದರಿ. ಕಣ್ಣಿನ ಶಿಬಿರ ಮಾಡಿದ್ರ ಪಟ್ಟಿ ಕಟ್ಟಿದಾವ್ರ ಫೋಟೋ ತಗೀತೀವಿಲ್ರಿ, ಹಂಗ," ಎಂದರು. ಒಳ್ಳೆಯ ಮನುಷ್ಯ. ಅವರ ಒಳ್ಳೆಯತನಕ್ಕೇ ನನಗೆ ಹೆಚ್ಚು ವಾಕರಿಕೆ ಬಂತು. ಒಂದು ಜೀವ ಒಂಬತ್ತು ತಿಂಗಳು ಬೆವರು ಸುರಿಸಿ ಹತ್ತಿದ ಏಣಿ ನಿಮಗೆ ದೇಣಿಗೆದಾರರಿಗೆ ತೋರಿಸುವ ಇನ್ನೊಂದು ಕಣ್ಣಿನ ಪಟ್ಟಿ. ನಮ್ಮ ಸಮಾಜದಲ್ಲಿ ಯಾರಿಗೆ ಏನೇ ಕೊಟ್ಟರೂ ಕೊಟ್ಟವರ ಕೈ ಫೋಟೋದಲ್ಲಿ ಬರಬೇಕು, ತಗೊಂಡವರ ಮುಖ ಬರಬೇಕು. ಅನ್ನಕ್ಕೆ, ವಹಿಗೆ, ಕನ್ನಡಕಕ್ಕೆ ಇದನ್ನು ಸಹಿಸಿಕೊಂಡು ಬಂದೆವು. ಈಗ ಮನಸ್ಸಿಗೂ ಬಂತು.

ಸಾರಿಕಾ ಆ ದಿನ ಊರಲ್ಲಿರಲಿಲ್ಲ. ವಿಡಿಯೋ ನೋಡಿ ಮರುದಿನವೇ ನಿಮ್ಮ ಖೋಲಿಯ ಕೀಲಿ ಸೋಮುವಿನ ಕೈಗೆ ಕೊಟ್ಟು ಹೋದಳು, ನಿನಗೆ ಗೊತ್ತಿದೆ. ನಮ್ಮ ಮನೆಗೆ ಬಂದು, ನೆಲದ ಮೇಲೆ ಕೂತು, ಉಜ್ವಲಾಳ ಕ್ಷಮೆ ಕೇಳಿದಳು. ನನಗೆ ಒಂದು ಕಾಗದದ ಪ್ರತಿ ತೋರಿಸಿದಳು. ರಜಿಸ್ಟರಿನಲ್ಲಿ ಹೆಸರು ಬೇಡ, ಬರೇ ನಂಬರು ಬರೆಯಲಿ, ಇಲ್ಲಿಗೆ ಬರುವವರ ಗುಟ್ಟು ಕಾಯುವುದು ತನ್ನ ವೃತ್ತಿಯ ಮೊದಲ ಧರ್ಮ ಎಂದು 2024ರ ಜುಲೈ ಹನ್ನೊಂದಕ್ಕೆ ಮಂಡಳಕ್ಕೆ ಬರೆದ ಪತ್ರ. ಕೆಳಗೆ ಪತ್ರ ಮುಟ್ಟಿದ್ದಕ್ಕೆ ನಿನ್ನ ಸಹಿ. ಆ ಸಹಿಯನ್ನು ನಾನು ನೂರರಲ್ಲಿ ಗುರುತಿಸುತ್ತೇನೆ. ಆಗ ನಾನು ನಿಜವಾಗಿ ನಿನ್ನನ್ನು ಕಳೆದುಕೊಂಡೆ. ತಿಳಿಯದೆ ಮಾಡಿದಳು ಎಂದು ಅದುವರೆಗೆ ನನ್ನ ಮನಸ್ಸಿನ ಒಂದು ಮೂಲೆ ವಾದಿಸುತ್ತಿತ್ತು.

ಈಗ ಉಜ್ವಲಾ ಹೇಗಿದ್ದಾಳೆ ಎಂದು ನೀನು ಕೇಳಿದ್ದೀ. ಮನೆಯ ಹೊಸ್ತಿಲು ದಾಟಿಲ್ಲ. ಬಸ್ಸಿನ ಮಾತಿಲ್ಲ, ಅಂಗಡಿಯ ಮಾತಿಲ್ಲ. ಅನ್ವಿಯ ಸಾಲೆಯ ಪಾಲಕರ ಸಭೆಗೆ ನಾನೇ ಹೋಗಿ ಬಂದೆ. ಸಾರಿಕಾ ಸೊಲ್ಲಾಪುರದಲ್ಲೇ ಬೇರೆ ಕಡೆ ಖೋಲಿ ಹಿಡಿದಿದ್ದಾಳೆ, ಬರಲಾಗದಿದ್ದರೆ ಫೋನಿನಲ್ಲಿ ಮಾತಾಡೋಣ ಎಂದಿದ್ದಾಳೆ. ಉಜ್ವಲಾ ಒಲ್ಲೆ ಎನ್ನುತ್ತಾಳೆ. "ಅಕಿ ಮ್ಯಾಲ ನನಗ ಸಿಟ್ಟಿಲ್ಲ ಅತ್ತಿ. ಆದ್ರ ನಾ ಹೇಳಿದ್ದು ಎಲ್ಲಿ ಹೋಗಿ ಕೂಡತದ ಅಂತ ಗೊತ್ತಾಗೂ ತನಕ ನನ್ನ ಬಾಯಿ ಬಿಚ್ಚಂಗಿಲ್ಲ," ಎಂದಳು. ಗುಳಿಗೆ ಮತ್ತೆ ದೊಡ್ಡದಾಗಿದೆ. ವಹಿಯಲ್ಲಿ ಏಣಿಯ ಪುಟ ಹರಿದಿಲ್ಲ, ಅದೊಂದೇ ನನಗಿರುವ ಆಸೆ. ಅವಳು ಹರಿಯುವ ಮೊದಲು ನಿನ್ನಿಂದ ಉತ್ತರ ಬರಬೇಕು, ಅದಕ್ಕೇ ಈ ಪತ್ರ.

ನೀನು ತುಂಬಿದ ಉಡಿಯ ಅಕ್ಕಿಯಲ್ಲಿ ಉಳಿದದ್ದು, ಜೊತೆಗೆ ನೀನು ಕೊಟ್ಟ ರವಿಕೆ ಕಣದಲ್ಲಿ ಗಂಟು ಕಟ್ಟಿ ಅಡುಗೆಮನೆಯ ಮಾಡದಲ್ಲಿದೆ. ಉಡಿಯ ಅಕ್ಕಿಯನ್ನು ಮನೆಯವರೇ ಸಿಹಿ ಮಾಡಿ ಉಣ್ಣಬೇಕು, ಹೊರಗೆ ಹಾಕಬಾರದು. ಬೇಯಿಸಲು ಹೋದರೆ ಅಸಹ್ಯವಾಗುತ್ತದೆ, ಚೆಲ್ಲಲು ಹೋದರೆ ನನ್ನ ಅತ್ತೆ ನೆನಪಾಗುತ್ತಾಳೆ. ನುಸಿ ಬಿದ್ದಿದೆ.

ನಾನು ಏನು ಕೇಳುತ್ತೇನೆಂದು ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಆ ರಜಿಸ್ಟರಿನಲ್ಲಿ ಸಮುಪದೇಶನಕ್ಕೆ ಬಂದವರ ಹೆಸರಿರುವ ಪುಟಗಳನ್ನೆಲ್ಲ ಸಾರಿಕಾಳ ಕೈಗೆ ಕೊಡು. ಅವಳ ಪತ್ರವನ್ನು ಮಂಡಳದ ಸಭೆಯಲ್ಲಿ ಓದಿಸು. ವಿಡಿಯೋವನ್ನು ನಿಮ್ಮ ಗುಂಪುಗಳಿಂದ ತೆಗೆಸು. ಊರಿಗೆಲ್ಲ ಹೋದದ್ದು ವಾಪಸು ಬರುವುದಿಲ್ಲ, ಆದರೂ ತೆಗೆಸು. ಉಜ್ವಲಾಳ ಹೆಸರು ಮತ್ತೆ ಎಲ್ಲೂ ಬರಬಾರದು. ಇದು ಅವಳೇ ಹಾಕಿದ ಷರತ್ತು.

ನಿನ್ನ ಮೊಮ್ಮಗಳ ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿಯುತ್ತ ಬಂದಿರಬೇಕು. ಅವಳ ಕೈ ಬರೆಯುವಾಗ ನಡುಗದಿರಲಿ, ನಡುಗಿದರೂ ಯಾರೂ ನಗದಿರಲಿ. ಬಸಣ್ಣನವರ ಕಣ್ಣು ತಿಳಿಯಾಗಲಿ. ನಿನ್ನ ಮನೆತನ ತಣ್ಣಗಿರಲಿ ಎಂದು ಹಾರೈಸುವುದನ್ನು ನನ್ನ ಹೇಸಿಕೆ ಇನ್ನೂ ನಿಲ್ಲಿಸಿಲ್ಲ.

ನಿನ್ನ ಚಾಪೆಯ ಗೆಳತಿ,
ರೇವಮ್ಮ

ತಾ. ಕ.: ಪತ್ರ ಮಡಚಿ ಪಾಕೀಟಿನಲ್ಲಿ ಇಟ್ಟಿದ್ದೆ, ಮತ್ತೆ ಹೊರಗೆ ತೆಗೆದೆ. ಮೇಲೆ ನಾನು "ಅವಳು ಆ ಸಾಲುಗಳ ನಡುವೆ ನಡೆದು ಹೋದಳು" ಎಂದು ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ.

ನೀನು ಹೆಸರು ಕೂಗಿದಾಗ ಅವಳು ಏಳಲಿಲ್ಲ. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಎದ್ದು ಹೊರಗೆ ಬರಬಹುದೆಂದು ಸಾರಿಕಾ ಹೇಳಿದ್ದು ಅವಳಿಗೆ ನೆನಪಿತ್ತು, ನನಗೂ ನೆನಪಿತ್ತು. ಅವಳು ನನ್ನ ಮುಖ ನೋಡಿದಳು. ಯಾವ ಕಡೆ ಹೋಗಲಿ ಎಂದು ಕಣ್ಣಲ್ಲೇ ಕೇಳಿದಳು. ನಾನು ಸುತ್ತ ತಿರುಗಿದ ತಲೆಗಳನ್ನು ನೋಡಿದೆ. ಉಡಿ ಒಲ್ಲೆನೆಂದು ಎದ್ದು ಹೋದ ಸೊಸೆ, ಅವಳನ್ನು ತಡೆಯದೆ ಕೂತ ಅತ್ತೆ, ನಾಳೆ ಇವರೆಲ್ಲ ಏನೆನ್ನುತ್ತಾರೆ ಎಂದು ಎಣಿಸಿದೆ. ಅವಳ ಬೆನ್ನಿಗೆ ಕೈ ಇಟ್ಟು, "ಹೋಗವಾ, ಕರೀತಾರ," ಎಂದೆ. ನನ್ನ ಕೈ ಅವಳನ್ನು ತುಸು ಮುಂದಕ್ಕೆ ನೂಕಿತು. ಏಳು ವಾರದಲ್ಲಿ ಅವಳು ಒಮ್ಮೆಯೂ ಆ ಮಾತು ಎತ್ತಿಲ್ಲ. ಈಗಲೂ ನನಗೆ ಬಿಸಿ ರೊಟ್ಟಿಯನ್ನೇ ಹಾಕುತ್ತಾಳೆ. ನಿನಗೆ ಏಳು ವಾರ ಬರೆಯಲಾಗದೇ ಹೋದದ್ದು ನಿನ್ನ ಮೇಲಿನ ಹೇಸಿಕೆಯೊಂದರಿಂದಲೇ ಅಲ್ಲ.

ಯುಗಾದಿಯ ಪಾಡ್ಯದ ದಿನ, ಮಾರ್ಚ್ ಮೂವತ್ತಕ್ಕೆ, ಅದೇ ಸಭಾಗೃಹದಲ್ಲಿ ನಿಮ್ಮ ಮಂಡಳದವರೆಲ್ಲ ಸೇರುವ ಮೇಳಾವ ಇದೆ. ನಾನು ಬರುತ್ತೇನೆ. ಯಾರ ಹೆಸರೂ ಎತ್ತದೆ ನನ್ನ ಕೈ ಮಾಡಿದ್ದನ್ನು ಮೊದಲು ನಾನು ಹೇಳುತ್ತೇನೆ. ಆಮೇಲೆ ಮೈಕು ನಿನಗೆ ಕೊಡುತ್ತೇನೆ. ಗುಟ್ಟು ಕಾಯಬೇಕೆಂಬ ಪತ್ರಕ್ಕೆ ಸಹಿ ಹಾಕಿದ ಮೇಲೂ ಆ ನಾಲ್ಕು ಹೆಸರುಗಳನ್ನು ರಜಿಸ್ಟರಿನಿಂದ ನಿನ್ನ ಚೀಟಿಗೆ ಇಳಿಸಿಕೊಳ್ಳಲು ಯಾರ ಅಪ್ಪಣೆ ಪಡೆದೆ? ಉತ್ತರ ನನ್ನ ಫೋನಿಗೆ ಬೇಡ, ನನ್ನ ಮನೆಗೆ ಬಂದು ಕೈ ಹಿಡಿದುಕೊಂಡು ಹೇಳುವುದೂ ಬೇಡ. ಅಲ್ಲಿ ನಕ್ಕವರೆಲ್ಲ ಕೇಳುವ ಹಾಗೆ, ಮೈಕಿನಲ್ಲಿ ಹೇಳು.